ಶ್ನಾಬೆಲ್ ಮೇಷ್ಟ್ರ ಎಂಟು ಸಿ.ಡಿ.ಗಳು

ಪಿಯಾನೊ ವಾದಕ ಆರ್ಟುರ್ ಶ್ನಾಬೆಲ್ ನುಡಿಸಿದ ಬೀಥೋವನ್‌ನ 32 ಪಿಯಾನೊ ಸೊನಾಟಾಗಳ (ಕೆಲವು ಭಾಗಗಳಿರುವ ಪಿಯಾನೊ ಕೃತಿಗಳ) ಪೆಟ್ಟಿಗೆ ಕೊನೆಗೂ ಕೈಸೇರಿತು. ಮೂಲೆ ಜಜ್ಜಿಹೋಗಿತ್ತು, ಸಿ.ಡಿ.ಗಳಿಗೆ ಏನೂ ಆಗಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ಇದು 1932ರಿಂದ 1935ರವರೆಗೆ ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಂಗ್. ಹಿಂದೆ ಸಣ್ಣಗೆ ಒಗ್ಗರಣೆ ಸಿಡಿಯುವ ಸದ್ದಿದೆ. "ಹೊರಗೆ ಮಳೆ ಬರ್ತಿದೆಯೇನ್ರೀ?" ಅಂದಳು ನನ್ನವಳು.

ಹತ್ತು ನಿಮಿಷದಲ್ಲಿ ಆ ಸದ್ದು ಕಿವಿಗೆ ಬೀಳುವುದೇ ನಿಲ್ಲುತ್ತದೆ. 'ಹ್ಯಾಮರ್‌ಕ್ಲಾವಿಯರ್' ಸೊನಾಟಾದ ಮೊದಲ ಭಾಗದಲ್ಲಿ ಬೆರಳುಗಳು ಎಡವುತ್ತವೆ, ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಬೀಥೋವನ್ ಗುರುತು ಹಾಕಿದ್ದ ಆ ವಿಪರೀತ ವೇಗವನ್ನು ಮಾತ್ರ ಮನುಷ್ಯ ಬಿಟ್ಟುಕೊಡುವುದಿಲ್ಲ. ಅಚ್ಚುಕಟ್ಟಾಗಿ ನುಡಿಸುವವರು ಬೇಕಾದಷ್ಟಿದ್ದಾರೆ. ನನಗೆ ಈ ಹಟವೇ ಇಷ್ಟ. ಆ ಸೊನಾಟಾದ ನಿಧಾನದ ಭಾಗ ಬಂದಾಗಲಂತೂ ಕಾಫಿ ಲೋಟ ಕೈಯಲ್ಲೇ ಆರಿತು.

1882ರಲ್ಲಿ ಹುಟ್ಟಿದ ಶ್ನಾಬೆಲ್ ವಿಯೆನ್ನಾದಲ್ಲಿ ಹೆಸರಾಂತ ಪಿಯಾನೊ ಗುರು ಲೆಶೆಟಿಟ್ಸ್ಕಿಯ ಶಿಷ್ಯ. ಬರ್ಲಿನ್ನಿನಲ್ಲಿ ಪಾಠ ಹೇಳುತ್ತಿದ್ದ ಯಹೂದಿ ಮೇಷ್ಟ್ರು, ನಾತ್ಸಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಡಬೇಕಾಯಿತು. ಅಂದರೆ, ರೆಕಾರ್ಡಿಂಗ್ ಅರ್ಧದಲ್ಲಿರುವಾಗಲೇ ಊರು ಹೋಯಿತು! ಆಮೇಲೆ ಇಟಲಿಯ ಕೋಮೊ ಸರೋವರದ ದಂಡೆಯ ಟ್ರೆಮೆಟ್ಸೊದಲ್ಲಿ ಪಾಠ. ಲಿಯಾನ್ ಫ್ಲೈಶರ್ ಎಂಬ ಹುಡುಗ ಅಮೆರಿಕದಿಂದ ಅಲ್ಲಿಗೆ ಬಂದು ಕಲಿತ. ಮುಂದೆ ತಾನೂ ದೊಡ್ಡ ಮೇಷ್ಟ್ರಾದ.

ಒಂದೇ ತಕರಾರು, ಜೊತೆಗಿನ ಪುಸ್ತಿಕೆಯ ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಹೊಸಬರು ಕೊನೆಯ ಸೊನಾಟಾದ ಎರಡನೇ ಭಾಗದಿಂದ ಶುರುಮಾಡಿ, ಹೆಡ್‌ಫೋನ್ ಇಲ್ಲದೆ.