ಅಡಿಕೆ ತೋಟದ ಹುಲ್ಲಿಗೆ ಹೋಂಡಾ ಯುಎಂಕೆ 435

ಮಲೆನಾಡಿನ ತೋಟದಲ್ಲಿ ಹುಲ್ಲು ಹೊಡೆಯಲು ಇದು ನಂಬಬಹುದಾದ ಮಿಷನ್. 35.8 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್. ಟ್ಯಾಂಕಿಗೆ ಬರೀ ಪೆಟ್ರೋಲ್ ಸಾಕು. ಟೂ ಸ್ಟ್ರೋಕಿನ ಹಾಗೆ ಲೀಟರಿಗೆ 20 ಮಿಲಿ ಆಯಿಲ್ ಬೆರೆಸುವ ರಗಳೆಯಿಲ್ಲ.

ಆದರೆ ಎಂಜಿನ್ನಿಗೆ ಬೇಕಾದ 100 ಮಿಲಿ ಆಯಿಲ್ ಅಳೆದೇ ಹಾಕಿ. ಹೆಚ್ಚಾದರೆ ಏರ್ ಫಿಲ್ಟರಿಗೆ ನುಗ್ಗಿ ಬಿಳಿ ಹೊಗೆ ಬರುತ್ತದೆ. ಹೊಸ ಮಿಷನ್ 10 ಗಂಟೆ ಓಡಿದ ಮೇಲೆ, ಆಮೇಲೆ 50 ಗಂಟೆಗೊಮ್ಮೆ ಆಯಿಲ್ ಬದಲಿಸಲೇಬೇಕು.

ಕಲ್ಲಿರುವ ಕಡೆ ಬ್ಲೇಡ್ ಬೇಡ, ನೈಲಾನ್ ದಾರ ಹಾಕಿ. ಎಳೆ ಸಸಿಯ ಬುಡದಲ್ಲಿ ಮಾತ್ರ ದಾರವೂ ಸಿಪ್ಪೆ ಸುಲಿಯುತ್ತದೆ; ಅಲ್ಲಿ ಕತ್ತಿಯೇ ಸರಿ. ಬೇಸಿಗೆಯಲ್ಲಿ ಪೆಟ್ರೋಲ್ ಖಾಲಿ ಮಾಡಿಡಿ, ಇಲ್ಲವಾದರೆ ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟಿ ಮಳೆಗಾಲದಲ್ಲಿ ಸ್ಟಾರ್ಟೇ ಆಗದು.