ಮನೆಯಲ್ಲೇ ಮಾಡಿದ ಬೈಕ್ ಕ್ಯಾರಿಯರಿನ ಸಂದಿಗೆ ಏನು ತುಂಬಬೇಕು: ಮೂರು ವರ್ಷಗಳ ಬಳಕೆಯ ನಂತರ

ಉಡುಪಿಯ ಮನೆಯಿಂದ ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟಕ್ಕೆ ಆಗುಂಬೆ ಘಾಟಿಯ ಮೂಲಕ ವಾರಕ್ಕೊಮ್ಮೆ ಹೋಗಿಬರಲು ನಾನು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬಳಸುತ್ತೇನೆ. 2022ರ ಮಳೆಗಾಲಕ್ಕೆ ಮುಂಚೆ, ಹಿಂಚಕ್ರದ ಎರಡೂ ಬದಿಗೆ ಒಂದೊಂದು ಅಲ್ಯೂಮಿನಿಯಂ ಪೆಟ್ಟಿಗೆ ಕೂರುವಂತೆ, 20 ಮಿ.ಮೀ. ಅಗಲ ಮತ್ತು 1.6 ಮಿ.ಮೀ. ದಪ್ಪದ ಎಂಎಸ್ (ಸಾಧಾರಣ ಉಕ್ಕಿನ) ಚೌಕ ಪೈಪನ್ನು ನಾನೇ ಅಳೆದು ಕತ್ತರಿಸಿ, ವೆಲ್ಡಿಂಗ್ ಶಾಪಿನಲ್ಲಿ ಕ್ಯಾರಿಯರ್ ಜೋಡಿಸಿಕೊಂಡೆ. ಅಂದಿನಿಂದ ಅದು ಸುಮಾರು 24,000 ಕಿಲೋಮೀಟರ್ ಓಡಿದೆ. ಚೌಕಟ್ಟು ಎಲ್ಲಿಯೂ ಬಿರುಕು ಬಿಟ್ಟಿಲ್ಲ. ತೊಂದರೆ ಕೊಟ್ಟದ್ದೆಲ್ಲ ಸಂದು ತುಂಬಲು ನಾನು ಆರಿಸಿಕೊಂಡ ವಸ್ತುಗಳು. ಆದ್ದರಿಂದ ಈ ವಿಮರ್ಶೆ ಅವುಗಳ ಬಗ್ಗೆಯೇ.

ಇಂಥ ಕ್ಯಾರಿಯರಿನಲ್ಲಿ ತುಂಬಬೇಕಾದ ಜಾಗ ಮೂರು ಕಡೆ ಬರುತ್ತದೆ: ಬೋಲ್ಟು ಅಡ್ಡಲಾಗಿ ಹಾಯುವ ಪೈಪಿನ ಟೊಳ್ಳು, ಬೈಕಿನ ದುಂಡು ಪೈಪಿಗೆ ನಮ್ಮ ಚಪ್ಪಟೆ ಪಟ್ಟಿ ತಾಗುವ ಸಂದು, ಮತ್ತು ಪೆಟ್ಟಿಗೆಗೂ ಚೌಕಟ್ಟಿಗೂ ನಡುವಿನ ಅಂತರ. ಮೂರಕ್ಕೂ ಒಂದೇ ವಸ್ತು ಸಾಕು ಎಂದುಕೊಂಡು ಹೊರಟಿದ್ದೇ ನಾನು ಮಾಡಿದ ಮೊದಲ ತಪ್ಪು. ಬೋಲ್ಟಿನ ಬಿಗಿತವನ್ನು ಹೊರುವ ಕೆಲಸ ಬೇರೆ, ಕಂಪನವನ್ನು ಹೀರುವ ಕೆಲಸ ಬೇರೆ, ಮತ್ತು ಎರಡನ್ನೂ ಒಂದೇ ತುಂಡಿಗೆ ವಹಿಸಿದರೆ ಅದು ಎರಡರಲ್ಲೂ ಸೋಲುತ್ತದೆ.

ಟೊಳ್ಳು ಪೈಪಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. 8 ಮಿ.ಮೀ. ಬೋಲ್ಟನ್ನು 24 ನ್ಯೂಟನ್ ಮೀಟರಿನಷ್ಟು ತಿರುಗಿಸಿ ಬಿಗಿದರೆ ಅದು ಎರಡು ಕಡೆಯಿಂದ ಒತ್ತುವ ಬಲ ಹೆಚ್ಚುಕಡಿಮೆ ಒಂದೂವರೆ ಟನ್ ಭಾರಕ್ಕೆ ಸಮ. ಒಳಗೆ ಏನೂ ಇಲ್ಲದಿದ್ದರೆ ತೆಳು ಗೋಡೆ ಒಳಕ್ಕೆ ಕುಸಿಯುತ್ತದೆ. ಕುಸಿದಷ್ಟು ಬಿಗಿತ ಹೋಗುತ್ತದೆ. ಮತ್ತೆ ಬಿಗಿದರೆ ಮತ್ತಷ್ಟು ಕುಸಿಯುತ್ತದೆ. ನಾನು ಮೊದಲು ಒಣಗಿದ ಸಾಗುವಾನಿಯ ತುಂಡುಗಳನ್ನು ಪೈಪಿನೊಳಗೆ ಬಡಿದು ಕೂರಿಸಿದೆ. ಬೇಸಿಗೆಯಲ್ಲಿ ಗಟ್ಟಿಯಾಗಿದ್ದ ಆ ಮರ ಜೂನ್ ಕಳೆಯುವಷ್ಟರಲ್ಲಿ ನೀರು ಕುಡಿದು ಉಬ್ಬಿತು, ಡಿಸೆಂಬರಿನಲ್ಲಿ ಒಣಗಿ ಕುಗ್ಗಿತು. ತಾನಾಗಿ ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟು ತನ್ನ ಜಾಗದಿಂದ ಕದಲಿರಲಿಲ್ಲ, ಆದರೂ ಅದರಡಿಯ ವಾಷರ್ ಬೆರಳಿನಿಂದ ತಿರುಗುತ್ತಿತ್ತು. ನಟ್ಟು ಸಡಿಲವಾಗದೆಯೂ ಬಿಗಿತ ಹೋಗಬಲ್ಲದು ಎಂಬುದು ನನಗೆ ತಿಳಿದದ್ದು ಆ ವಾಷರಿನಿಂದ.

ಮುಂದಿನ ಪ್ರಯೋಗ ಡಬ್ಬಿಯಿಂದ ಚಿಮ್ಮಿಸುವ, ಉಬ್ಬಿ ಗಟ್ಟಿಯಾಗುವ ಪಿಯು (ಪಾಲಿಯುರೆಥೇನ್) ಫೋಮು. ನಾನು ಬಳಸಿದ ವಸ್ತುಗಳಲ್ಲೆಲ್ಲ ಅತ್ಯಂತ ಕೆಟ್ಟದ್ದು ಇದೇ. ಈ ಫೋಮು ಗಟ್ಟಿಯಾಗಲು ಗಾಳಿಯ ತೇವ ಬೇಕು, ಮತ್ತು ಮುಚ್ಚಿದ ಪೈಪಿನ ನಡುಭಾಗಕ್ಕೆ ಅದು ತಲುಪುವುದಿಲ್ಲ. ಕೆಲವು ತಿಂಗಳ ನಂತರ ಪೈಪಿನ ತುದಿ ಕತ್ತರಿಸಿ ನೋಡಿದಾಗ ಹೊರಗಿನ ಎರಡು ಇಂಚು ಗಟ್ಟಿಯಾಗಿತ್ತು, ಒಳಗಿನದು ಹಲಸಿನ ಮೇಣದಂತೆ ಅಂಟಂಟಾಗಿತ್ತು, ಮತ್ತು ಫೋಮಿಗೂ ಗೋಡೆಗೂ ನಡುವೆ ಸೇರಿದ ನೀರು ಹೊರಬರಲು ದಾರಿಯಿಲ್ಲದೆ ಪೈಪಿನ ಒಳಮೈಯನ್ನು ಕೆಂಪು ಹುಡಿಯಾಗಿಸಿತ್ತು. ಆ ಎರಡು ಪೈಪುಗಳನ್ನು ಬದಲಾಯಿಸಬೇಕಾಯಿತು. ಮಳೆ ಹೆಚ್ಚಿರುವ ಊರಿನಲ್ಲಿ ಟೊಳ್ಳನ್ನು ತುಂಬುವ ಬದಲು, ಅತ್ಯಂತ ತಗ್ಗಿನಲ್ಲಿ 5 ಮಿ.ಮೀ. ತೂತು ಕೊರೆದು ನೀರನ್ನು ಹೊರಬಿಡುವುದೇ ಸರಿ.

ಪೈಪಿನೊಳಗೆ ಬೋಲ್ಟಿನ ಸುತ್ತ ಕೂರುವ ನೈಲಾನ್ ಬುಷ್ ಮಾಡಿಸೋಣವೆಂದು ಲೇತ್ ಅಂಗಡಿಗೆ ಹೋದಾಗ ಅಲ್ಲಿಯ ಹಿರಿಯರು ರಾಡನ್ನು ಕೈಗೆತ್ತಿಕೊಂಡು, "ನೈಲಾನ್ ಮಳೆಗೆ ಉಬ್ಬುತ್ತದೆ, ಬಿಗಿದರೆ ಕೂತು ಹೋಗ್ತದೆ ಮಾರಾಯ್ರೆ, ಕಬ್ಬಿಣದ್ದೇ ಹಾಕಿ" ಎಂದರು. ಅವರ ಮಾತು ಅಕ್ಷರಶಃ ಸರಿ. ನೈಲಾನ್ ತೇವ ಹೀರಿ ಅಳತೆ ಬದಲಿಸುತ್ತದೆ, ಮತ್ತು ಯಾವುದೇ ಪ್ಲಾಸ್ಟಿಕ್ಕು ಸತತ ಒತ್ತಡದಲ್ಲಿ ನಿಧಾನವಾಗಿ ಅಮುಕಿ ತೆಳುವಾಗುತ್ತದೆ. ಅವರೇ 12 ಮಿ.ಮೀ. ಹೊರವ್ಯಾಸದ ಉಕ್ಕಿನ ಎಂಟು ಸ್ಲೀವುಗಳನ್ನು (ಬೋಲ್ಟು ಒಳಗೆ ಹಾಯುವ ಕೊಳವೆಗಳನ್ನು) ತಿರುವಿ ಕೊಟ್ಟರು. ಪೈಪಿನ ಒಳ ಅಗಲ 16.8 ಮಿ.ಮೀ.; ಸ್ಲೀವು ಅರ್ಧ ಮಿ.ಮೀ. ಗಿಡ್ಡವಾದರೂ ಗೋಡೆ ಅಷ್ಟು ಕುಸಿದ ಮೇಲೆಯೇ ಅದಕ್ಕೆ ಭಾರ ಸಿಗುತ್ತದೆ. ಹಾಗಾಗಿ ನಾವು ಎರಡೂ ಗೋಡೆಗೆ 12 ಮಿ.ಮೀ. ತೂತು ಹಾಕಿ, ಸ್ಲೀವನ್ನು ಆಚೆಯಿಂದ ಈಚೆಗೆ ಹಾಯಿಸಿ, ಎರಡೂ ತುದಿಗೆ ವೆಲ್ಡ್ ಮಾಡಿ, ಮಟ್ಟಕ್ಕೆ ಉಜ್ಜಿದೆವು. ಎಲ್ಲ ಸೇರಿ 400 ರೂಪಾಯಿ ಕೊಟ್ಟೆ. 2023ರ ಮೇ ತಿಂಗಳಿನಿಂದ ಇಂದಿನವರೆಗೆ ಆ ಎಂಟು ಬೋಲ್ಟುಗಳಲ್ಲಿ ಒಂದನ್ನೂ ಮರುಬಿಗಿ ಮಾಡುವ ಪ್ರಸಂಗ ಬಂದಿಲ್ಲ.

ದುಂಡು ಪೈಪಿಗೆ ಪಟ್ಟಿ ತಾಗುವಲ್ಲಿ, ಎರಡು ಉಂಡೆ ಕಲಸಿ ಹಚ್ಚುವ ಎಪಾಕ್ಸಿ ಪುಟ್ಟಿಯನ್ನು ಬಳಸಿದೆ. ತೆಳುವಾಗಿ ಮೆತ್ತಿದ ಕಡೆ ಅದು ಕೆಲವೇ ವಾರಗಳಲ್ಲಿ ಅಂಚಿನಿಂದ ಚಕ್ಕೆಯೆದ್ದಿತು, ಏಕೆಂದರೆ ಗಟ್ಟಿಯಾದ ಪುಟ್ಟಿಗೆ ಬಾಗುವ ಗುಣವಿಲ್ಲ. ಎರಡನೆಯ ಬಾರಿ ಅದನ್ನು ಅಂಟಿನಂತೆ ಅಲ್ಲ, ಅಚ್ಚಿನಂತೆ ಬಳಸಿದೆ: ಬೈಕಿನ ಪೈಪಿಗೆ ಗ್ರೀಸ್ ಸವರಿ, ಪಟ್ಟಿಯ ಒಳಗೆ 4 ಮಿ.ಮೀ. ದಪ್ಪಕ್ಕೆ ಪುಟ್ಟಿ ತುಂಬಿ, ಮೆಲ್ಲಗೆ ಒತ್ತಿ ಹಿಡಿದು ಒಂದು ದಿನ ಬಿಟ್ಟೆ. ಬಿಡಿಸಿದಾಗ ಪೈಪಿನ ಬಣ್ಣದ ಮೇಲಿದ್ದ ಗೀರು ಕೂಡ ಪುಟ್ಟಿಯಲ್ಲಿ ಮೂಡಿತ್ತು. ಹೀಗೆ ಒತ್ತಡವನ್ನು ಮಾತ್ರ ಹೊರುವ ಜಾಗದಲ್ಲಿ, ಹೊರಗಿನಿಂದ ಲೋಹದ ಪಟ್ಟಿಯ ಆಸರೆ ಇದ್ದಾಗ, ಅದು ಎರಡು ವರ್ಷ ಚೆನ್ನಾಗಿ ನಿಂತಿದೆ.

ಪೆಟ್ಟಿಗೆಯ ಹಿಂದಿನ ಅಂತರಕ್ಕೆ ಲಾರಿ ಟ್ಯೂಬಿನ ತುಂಡುಗಳು ಅಗ್ಗ, ಆದರೆ ಬಿಸಿಲಿಗೆ ತೆರೆದ ಅಂಚು ಒಂದೇ ಬೇಸಿಗೆಯಲ್ಲಿ ಸೀಳಿತು. ನೈಟ್ರೈಲ್ ರಬ್ಬರ್ ಚೈನಿನ ಎಣ್ಣೆಗೆ ಜಗ್ಗಲಿಲ್ಲ, ಬಿಸಿಲಿಗೆ ಬಿರುಕು ಬಿಟ್ಟಿತು. ಇಪಿಡಿಎಂ ಎಂಬ ಇನ್ನೊಂದು ಬಗೆಯ ರಬ್ಬರ್ ಅದರ ತದ್ವಿರುದ್ಧ: ಬಿಸಿಲು ಮಳೆಗೆ ಏನೂ ಆಗುವುದಿಲ್ಲ, ಎಣ್ಣೆ ತಾಗಿದರೆ ಮೆತ್ತಗಾಗುತ್ತದೆ. ಆದ್ದರಿಂದ ಚೈನಿನ ಬದಿಯ ಕೆಳಗಿನ ಎರಡು ಬಿಂದುಗಳಿಗೆ ನೈಟ್ರೈಲ್, ಉಳಿದೆಡೆ ಇಪಿಡಿಎಂ ಎಂದು ಹಂಚಿದ್ದೇನೆ. ಚಪ್ಪಲಿಯ ಅಟ್ಟೆಗೆ ಬಳಸುವಂಥ ಮೆತ್ತಗಿನ ಇವಿಎ ಫೋಮು ಕೂತ ಮೇಲೆ ಮತ್ತೆ ಏಳುವುದಿಲ್ಲ. ಪೆಟ್ಟಿಗೆಯ ಒಳಗೆ ಹಾಸಲು ಮಾತ್ರ ಅದು ಸರಿ.

ರಬ್ಬರನ್ನು ಬೋಲ್ಟಿನಡಿ ಹಾಕಲೇಬೇಕಾದರೆ ಬೈಕಿನ ಸೈಡ್ ಪ್ಯಾನೆಲ್ಲಿನ ರಬ್ಬರನ್ನು ಒಮ್ಮೆ ಬಿಚ್ಚಿ ನೋಡಿ. ಹಲವು ಬೈಕುಗಳಲ್ಲಿ ಅದರ ನಡುವೆ ಪುಟ್ಟ ಉಕ್ಕಿನ ಕಾಲರ್ ಇರುತ್ತದೆ. ನನ್ನಲ್ಲಿ ರಬ್ಬರ್ 10 ಮಿ.ಮೀ., ಕಾಲರ್ 9 ಮಿ.ಮೀ. ಬಿಗಿಯುವಾಗ ರಬ್ಬರ್ ಒಂದು ಮಿ.ಮೀ. ಅಮುಕಿದೊಡನೆ ವಾಷರ್ ಕಾಲರಿಗೆ ತಾಗಿ ನಿಲ್ಲುತ್ತದೆ. ಬಿಗಿತ ಉಕ್ಕಿಗೆ, ಕಂಪನ ರಬ್ಬರಿಗೆ.

ಪೆಟ್ಟಿಗೆ ಜಾರಿ ಕೂರುವ ಅಡಿಪಟ್ಟಿಗೆ ಅಡುಗೆಮನೆಯ ಹಳೆಯ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ತರಕಾರಿ ಹಲಗೆಯನ್ನು ಕತ್ತರಿಸಿ ಹಾಕಿದೆ, ಮತ್ತು ಅದು ನನ್ನ ನಿರೀಕ್ಷೆಗೂ ಮೀರಿ ಬಾಳಿದೆ. ಅದು ನೀರು ಕುಡಿಯುವುದಿಲ್ಲ, ಕಿರುಗುಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಅಲ್ಯೂಮಿನಿಯಮ್ಮನ್ನು ಕಬ್ಬಿಣದಿಂದ ಬೇರೆಯಾಗಿಡುತ್ತದೆ. ಕಡಲ ಗಾಳಿಯ ಉಪ್ಪು ಸೇರಿದರೆ ಈ ಎರಡು ಲೋಹ ತಾಗುವಲ್ಲಿ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಸವೆಯುತ್ತದೆ, ಮತ್ತು ಹಲಗೆ ಹಾಕುವ ಮೊದಲು ನನ್ನ ಎಡ ಪೆಟ್ಟಿಗೆಯ ಅಡಿಯಲ್ಲಿ ಉಗುರು ಸಿಗುವಷ್ಟು ಗುಳಿ ಬಿದ್ದಿತ್ತು. ಅಂಟು ಇದಕ್ಕೆ ಹಿಡಿಯುವುದಿಲ್ಲವಾದ್ದರಿಂದ ತಲೆ ಒಳಗೆ ಇಳಿಯುವ ಸ್ಕ್ರೂ ಹಾಕಬೇಕು. ಬೋಲ್ಟಿನ ನೇರ ಒತ್ತಡದ ಕೆಳಗೂ, ಬಲಬದಿಯ ಸೈಲೆನ್ಸರಿನ ಬಿಸಿ ತಾಗುವಲ್ಲಿಯೂ ಇದನ್ನು ಇಡಬಾರದು.

ಆ ಬಲಬದಿಯೇ ಈಗ ಉಳಿದಿರುವ ಒಂದು ಕೊರತೆ. ಸೈಲೆನ್ಸರಿನಿಂದ ನಾಲ್ಕು ಬೆರಳು ದೂರದಲ್ಲಿರುವ ಇಪಿಡಿಎಂ ರಬ್ಬರ್ ಉಗುರು ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಿದೆ. ಈ ಮಳೆಗೆ ಮುಂಚೆ ಅಲ್ಲಿ ಸಿಲಿಕೋನ್ ರಬ್ಬರ್ ಹಾಕಿ, ಸೈಲೆನ್ಸರಿಗೂ ಅದಕ್ಕೂ ನಡುವೆ ಒಂದು ತಗಡಿನ ಮರೆ ಕಟ್ಟುತ್ತಿದ್ದೇನೆ.