ಅಲ್ಬರಸೀನ್‌ಗೆ ಶನಿವಾರದ ಬಸ್ ಹತ್ತಬೇಡಿ

ಮೊದಲೇ ಹೇಳಿಬಿಡುತ್ತೇನೆ. ಕಾರಿಲ್ಲದೆ ಶನಿವಾರ ಮಧ್ಯಾಹ್ನ ಸ್ಪೇನಿನ ಅಲ್ಬರಸೀನ್ ಅನ್ನೋ ಪುಟ್ಟ ಊರಿಗೆ ಹೋದರೆ ಸೋಮವಾರ ಬೆಳಗ್ಗೆಯವರೆಗೂ ವಾಪಸ್ ಬರೋಕೆ ಬಸ್ಸೇ ಇಲ್ಲ. ನಮಗಿದು ಗೊತ್ತಿರಲಿಲ್ಲ. ಗೊತ್ತಾದದ್ದು ಭಾನುವಾರ ಮಧ್ಯಾಹ್ನ, ಬಸ್ ಸ್ಟಾಪಿನಲ್ಲಿ, ಮೂರು ಸೂಟ್‌ಕೇಸ್ ಮತ್ತು ಮಂಡಿನೋವಿನ ಅತ್ತೆಯ ಜೊತೆ ನಿಂತಿದ್ದಾಗ.

ನಮ್ಮನೆಯವರನ್ನು ಆಫೀಸಿನವರು ಮೂರು ತಿಂಗಳ ಮಟ್ಟಿಗೆ ಸ್ಪೇನಿನ ವಲೆನ್ಸಿಯಾ ನಗರಕ್ಕೆ ಕಳಿಸಿದ್ದರು. ಅಕ್ಟೋಬರ್‌ನಲ್ಲಿ ನಾನೂ ಅತ್ತೆಯೂ ಹೋಗಿ ಎರಡು ವಾರ ಇದ್ದು ಬರೋಣ ಅಂತ ಹೊರಟೆವು. ವಲೆನ್ಸಿಯಾ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಬೆಟ್ಟದ ಅಂಚಿಗೆ ಅಂಟಿಕೊಂಡ ಕೆಂಪು ಮಣ್ಣಿನ ಬಣ್ಣದ ಮನೆಗಳು, ಅವುಗಳ ಹಿಂದೆ ಗುಡ್ಡ ಹತ್ತಿ ಹೋಗುವ ಕೋಟೆ ಗೋಡೆ, ಅಲ್ಬರಸೀನ್‌ನ ಇಂಥದ್ದೊಂದು ಫೋಟೋ ನೋಡಿದೆ. ಅಲ್ಲಿಂದ ಶುರು ನನ್ನ ಹಟ. ಸಾವಿರ ಜನ ಇರುವ ಊರು, 1961ರಿಂದಲೇ ಇಡೀ ಊರಿಗೆ ಅಲ್ಲಿನ ಸರ್ಕಾರ ರಾಷ್ಟ್ರೀಯ ಸ್ಮಾರಕ ಅನ್ನೋ ಪಟ್ಟ ಕೊಟ್ಟಿದೆ, ಹನ್ನೊಂದನೇ ಶತಮಾನದಲ್ಲಿ ಬನು ರಜೀನ್ ಅನ್ನುವ, ಉತ್ತರ ಆಫ್ರಿಕಾ ಮೂಲದ ಬರ್ಬರ್ ಜನಾಂಗದ ಮನೆತನ ಇಲ್ಲಿಂದ ಆಳುತ್ತಿತ್ತಂತೆ, ಊರಿನ ಹೆಸರೇ ಅವರಿಂದ ಬಂದದ್ದು. ಇಷ್ಟೆಲ್ಲ ಓದಿಕೊಂಡೆ. ವಾಪಸ್ ಬರುವ ಬಸ್ ಎಷ್ಟೊತ್ತಿಗೆ ಅನ್ನೋದೊಂದು ಓದಲಿಲ್ಲ.

ಯುರೋಪ್ ಅಲ್ವಾ, ಬಸ್ ಇದ್ದೇ ಇರುತ್ತೆ ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದನ್ನು ಮೊದಲು ತೆಗೆದುಹಾಕಿ. ಅಲ್ಬರಸೀನ್ ಇರುವುದು ತೆರುವೆಲ್ ಪ್ರಾಂತ್ಯದಲ್ಲಿ. ಚದರ ಕಿಲೋಮೀಟರಿಗೆ ಸುಮಾರು 9 ಜನ ಅಲ್ಲಿ. ನಮ್ಮ ಉತ್ತರ ಕನ್ನಡದಲ್ಲಿ, ಅಷ್ಟೊಂದು ಕಾಡಿದ್ದರೂ, 2011ರ ಜನಗಣತಿಯ ಪ್ರಕಾರ 140 ಜನ. ತೆರುವೆಲ್ ನಗರದಿಂದ ರಾಜಧಾನಿ ಮ್ಯಾಡ್ರಿಡ್‌ಗೆ ನೇರ ರೈಲಿಲ್ಲ. 'ತೆರುವೆಲ್ ಕೂಡ ಇದೆ' ಅನ್ನುವ ಅರ್ಥದ ಹೆಸರಿಟ್ಟುಕೊಂಡು ಅಲ್ಲಿನ ಜನ 1999ರಲ್ಲಿ ಚಳವಳಿ ಶುರುಮಾಡಿದರು, ನಮ್ಮನ್ನು ಮರೆಯಬೇಡಿ ಅಂತ. 2019ರಲ್ಲಿ ಅದೇ ಹೆಸರಲ್ಲಿ ಚುನಾವಣೆಗೆ ನಿಂತು ಸಂಸತ್ತಿನಲ್ಲಿ ಒಂದು ಸೀಟನ್ನೂ ಗೆದ್ದರು. ಇದನ್ನೆಲ್ಲ ನಾನು ಓದಿದ್ದು ವಾಪಸ್ ಬಂದಮೇಲೆ, ಸಿಟ್ಟಲ್ಲಿ. ಮುಂಚೆ ಓದಿದ್ದರೆ ಭಾನುವಾರ ಬಸ್ ಹುಡುಕುವ ಧೈರ್ಯ ಮಾಡುತ್ತಿರಲಿಲ್ಲ.

ಸರಿ, ಕಥೆಗೆ ಬರುತ್ತೇನೆ. ವಲೆನ್ಸಿಯಾದಿಂದ ತೆರುವೆಲ್‌ಗೆ ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆ, ಅದು ಆರಾಮ. ತೆರುವೆಲ್‌ನಿಂದ ಅಲ್ಬರಸೀನ್‌ಗೆ ದಿನಕ್ಕೆ ಒಂದೇ ಬಸ್. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಹೋಗುತ್ತೆ, ಮಾರನೇ ದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ ಅಲ್ಲಿಂದ ವಾಪಸ್ ಹೊರಡುತ್ತೆ. ಅಂದರೆ ಬಸ್ಸಿನಲ್ಲಿ ಬೆಳಗ್ಗೆ ಹೋಗಿ ಸಂಜೆ ಬರುವ ಮಾತೇ ಇಲ್ಲ. ಒಂದು ರಾತ್ರಿ ಉಳಿಯಲೇಬೇಕು. ನಾವು ಹೋಗುವ ಬಸ್ಸಿನ ಟೈಮ್ ಮಾತ್ರ ನೋಡಿಕೊಂಡಿದ್ದೆವು, ಬರೋದಕ್ಕೂ ಸಂಜೆ ಒಂದಾದರೂ ಇರುತ್ತೆ ಅಂದುಕೊಂಡಿದ್ದೆವು. ಟಿಕೆಟ್ ತಗೊಳ್ಳುವಾಗ ನಮ್ಮನೆಯವರು ತಮ್ಮ ಎರಡು ತಿಂಗಳ ಸ್ಪ್ಯಾನಿಷ್‌ನಲ್ಲಿ ವಾಪಸ್ ಬರುವುದರ ಬಗ್ಗೆ ಡ್ರೈವರನ್ನು ಏನೋ ಕೇಳಿದರು. ಆತ ನಮ್ಮ ಮೂವರನ್ನೂ ನೋಡಿ "ಲೂನೆಸ್" ಅಂದ. ನಾವು ನಕ್ಕೆವು. ಆತ ಇನ್ನೊಂದು ಸಲ, ಸ್ವಲ್ಪ ಜೋರಾಗಿ, "ಲೂನೆಸ್, ಲೂನೆಸ್" ಅಂದ. ನಾವು ತಲೆಯಾಡಿಸಿ ಥ್ಯಾಂಕ್ಸ್ ಹೇಳಿ ಹೋಗಿ ಕೂತೆವು.

ಲೂನೆಸ್ ಅಂದರೆ ಸೋಮವಾರ.

ಪಾಪ, ಆ ಮನುಷ್ಯ ಎರಡು ಸಲ ಹೇಳಿದ್ದ.

ಬಸ್ ನಮ್ಮನ್ನು ಇಳಿಸಿದ್ದು ಊರಿನ ಕೆಳಗೆ, ಹೊಳೆ ಪಕ್ಕದ ರಸ್ತೆಯಲ್ಲಿ. ಹಳೇ ಊರು ಮೇಲಿದೆ. ಮೇಲಕ್ಕೆ ಹೋಗುವ ಓಣಿಗಳಿಗೆಲ್ಲ ಗುಂಡುಕಲ್ಲು ಹಾಸಿದ್ದಾರೆ, ಕೆಲವು ಕಡೆ ಬರೀ ಮೆಟ್ಟಿಲು. ಚಕ್ರದ ಸೂಟ್‌ಕೇಸ್ ಎಳೆದರೆ ಟಕಟಕ ಅಂತ ಇಡೀ ಓಣಿಗೆ ಕೇಳುತ್ತೆ. ನನ್ನದರ ಒಂದು ಚಕ್ರ ಅರ್ಧ ದಾರಿಯಲ್ಲೇ ಕಿತ್ತುಹೋಯಿತು. ಆಮೇಲೆ ಹೊತ್ತುಕೊಂಡೇ ಹತ್ತಿದೆ. ಅತ್ತೆ ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದರು.

ನಾವು ಬುಕ್ ಮಾಡಿದ್ದ ಜಾಗಕ್ಕೆ ಹೋದರೆ ಬಾಗಿಲು ಹಾಕಿತ್ತು. ರಿಸೆಪ್ಷನ್ ಅಂತ ಏನೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ, ಆಮೇಲೆ ಒಂದು ಮೆಸೇಜ್ ಬಂತು, ಐದೂವರೆಗೆ ಬರ್ತೀನಿ ಅಂತ. ಆಗ ನಾಲ್ಕೂಕಾಲು. ಮಧ್ಯಾಹ್ನ ಎರಡರಿಂದ ಐದರವರೆಗೆ ಅಲ್ಲಿ ಎಲ್ಲ ಬಂದ್, ಅದು ಅವರ ಪದ್ಧತಿ, ಅದಕ್ಕೆ ನಾನು ಯಾರನ್ನೂ ಬೈಯಲ್ಲ. ಆದರೆ ಬುಕ್ ಮಾಡುವಾಗ ನಾವು ಬರುವ ಹೊತ್ತು ಬರೆದು ಕಳಿಸಿದ್ದೆವು, ಓಕೆ ಅಂತ ಉತ್ತರ ಕೂಡ ಬಂದಿತ್ತು. ಕೊನೆಗೆ ಬಂದವರು ಮೂರನೇ ಮಹಡಿಯ ಕೋಣೆ ಕೊಟ್ಟರು. ಲಿಫ್ಟ್ ಇಲ್ಲ, ಮೆಟ್ಟಿಲು ಏಣಿ ಇದ್ದಂತೆ. ಮಂಡಿನೋವಿನವರು ಇದ್ದಾರೆ, ಕೆಳಗಿನ ಕೋಣೆ ಕೊಡಿ ಅಂತ ಬರೆದದ್ದನ್ನು ಫೋನಿನಲ್ಲಿ ತೆರೆದು ತೋರಿಸಿದೆವು. ಆಯಮ್ಮ ನೋಡಿದರು, ಭುಜ ಹಾರಿಸಿದರು, ದುಡ್ಡು ನಗದಿನಲ್ಲೇ ಕೊಡಿ ಅಂದರು. ಅಷ್ಟೇ.

ಚಳಿ ಬಗ್ಗೆಯೂ ಹೇಳಬೇಕು. ವಲೆನ್ಸಿಯಾ ಸಮುದ್ರದ ಪಕ್ಕ, ಅಕ್ಟೋಬರ್‌ನಲ್ಲೂ ಅತ್ತೆ ಹತ್ತಿ ಸೀರೆಯಲ್ಲಿ ಓಡಾಡಿಕೊಂಡಿದ್ದರು. ಅಲ್ಬರಸೀನ್ 1,170 ಮೀಟರ್ ಎತ್ತರದಲ್ಲಿದೆ. ಇದೇ ಪ್ರಾಂತ್ಯದ ಕಲಮೋಚಾದಲ್ಲಿ 1963ರ ಡಿಸೆಂಬರ್‌ನಲ್ಲಿ ಮೈನಸ್ 30 ಡಿಗ್ರಿ ದಾಖಲಾಗಿತ್ತು. ಅಷ್ಟೊಂದು ಇರಲಿಲ್ಲ ಬಿಡಿ, ಆದರೆ ಸೂರ್ಯ ಗುಡ್ಡದ ಹಿಂದೆ ಹೋದ ಕೂಡಲೇ ಗಾಳಿ ಮೈ ಕೊರೆಯೋಕೆ ಶುರುವಾಯಿತು, ನಮ್ಮ ಹತ್ತಿರ ಇದ್ದದ್ದು ಒಂದೇ ಸ್ವೆಟರ್, ಒಂದು ಶಾಲು.

ಈಗ ಊಟ. ಮಾಂಸ ತಿನ್ನುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಸಸ್ಯಾಹಾರಿಗಳು ಮಾತ್ರ ಸರಿಯಾಗಿ ಓದಿಕೊಳ್ಳಿ, ಯಾಕಂದರೆ ನಾವು ಅಂದುಕೊಂಡ 'ಸಸ್ಯಾಹಾರ' ಅಲ್ಲಿ ಬೇರೆ. ತೆರುವೆಲ್ ಹೆಸರಾಗಿರುವುದೇ ಹಮೋನ್‌ಗೆ, ಅಂದರೆ ಉಪ್ಪು ಹಾಕಿ ತಿಂಗಳುಗಟ್ಟಲೆ ಒಣಗಿಸಿದ ಹಂದಿ ತೊಡೆಗೆ. ಬಾರ್‌ನ ಒಳಗೆ ಕಾಲಿಟ್ಟರೆ ತಲೆ ಮೇಲೆ ಅದೇ ನೇತಾಡುತ್ತಿರುತ್ತೆ. 'ಸಿನ್ ಕಾರ್ನೆ', ಮಾಂಸ ಬೇಡ, ಅಂತ ಕಲಿತುಕೊಂಡು ಹೋಗಿದ್ದೆವು. ಹಾಗೆ ಹೇಳಿಯೇ ಹುರುಳಿಕಾಯಿ ಪಲ್ಯದಂಥದ್ದು ತರಿಸಿದರೆ ಅದರ ಮೇಲೆ ಗುಲಾಬಿ ಬಣ್ಣದ ಚೂರುಗಳು. ಕೇಳಿದರೆ, ಇದು ಮಾಂಸ ಅಲ್ಲ, ಹಮೋನ್ ಅಂತಾರೆ! ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು. ಮೆನುವಿನಲ್ಲಿ 'ವೆಹೆತಾಲ್' ಅಂತ ಬರೆದ ಸ್ಯಾಂಡ್‌ವಿಚ್ ನೋಡಿ, ಅಬ್ಬ, ವೆಜಿಟೆಬಲ್ ಸಿಕ್ಕಿತು ಅಂತ ಹಾರಬೇಡಿ, ಅದರೊಳಗೆ ಸಾಮಾನ್ಯವಾಗಿ ಟ್ಯೂನಾ ಮೀನೂ ಮೊಟ್ಟೆಯೂ ಇರುತ್ತೆ. ಸಲಾಡ್ ಮೇಲೂ ಅದೇ ಮೀನು. ಬ್ರೆಡ್ ಪುಡಿ ಹುರಿದು ಮಾಡುವ ಮಿಗಾಸ್ ನೋಡೋಕೆ ನಮ್ಮ ಉಪ್ಪಿಟ್ಟಿನ ಹಾಗೇ ಇರುತ್ತೆ, ಅದರಲ್ಲೂ ಹಂದಿ. 'ಸಿನ್ ಹಮೋನ್, ಸಿನ್ ಅತೂನ್, ಸಿನ್ ಚೋರಿಸೋ' ಅಂತ ಒಂದೊಂದನ್ನೇ ಹೆಸರು ಹಿಡಿದು ಬೇಡ ಅನ್ನಬೇಕು (ಅತೂನ್ ಅಂದರೆ ಟ್ಯೂನಾ, ಚೋರಿಸೋ ಅಂದರೆ ಹಂದಿ ಮಾಂಸದ ಸಾಸೇಜ್). ಅಲ್ಲಿನ ಕುರಿ ಹಾಲಿನ ಚೀಸ್, ಟೊಮೆಟೊ ತಿಕ್ಕಿದ ಬ್ರೆಡ್, ಇವೆರಡು ನಮ್ಮನ್ನು ಉಳಿಸಿದವು. ಅದೂ ರಾತ್ರಿ ಎಂಟೂವರೆ ಆದಮೇಲೆ. ಅದಕ್ಕೆ ಮುಂಚೆ ಅಡುಗೆಮನೆ ತೆರೆಯಲ್ಲ.

ಅತ್ತೆ ಚೀಲದಲ್ಲಿ ಬಿಸಿನೀರು ಹಾಕಿದರೆ ಸಾಕು ಅನ್ನುವ ಉಪ್ಪಿಟ್ಟಿನ ಪ್ಯಾಕೆಟ್ ಇಟ್ಟುಕೊಂಡು ಬಂದಿದ್ದರು. ಕೋಣೆಯಲ್ಲಿ ಕೆಟಲ್ ಇಲ್ಲ. ಭಾನುವಾರ ಬೆಳಗ್ಗೆ ಬಾರಿಗೆ ಹೋಗಿ ಬಿಸಿನೀರು ಕೇಳಿದೆ. ಕೌಂಟರಿನ ಹುಡುಗ ಕಾಫಿ ಮೆಷಿನ್‌ನಿಂದ ಗಾಜಿನ ಪುಟ್ಟ ಲೋಟಕ್ಕೆ ನೀರು ಬಿಟ್ಟು, ಜೊತೆಗೊಂದು ತುಂಡು ನಿಂಬೆಹಣ್ಣು, ಟೀ ಚಮಚ ಇಟ್ಟುಕೊಟ್ಟ. ಅತ್ತೆ ಆ ಲೋಟದಲ್ಲೇ ನಾಲ್ಕು ಚಮಚ ಪುಡಿ ಕಲಸಿ, ತಟ್ಟೆಯಿಂದ ಮುಚ್ಚಿಟ್ಟು, ಐದು ನಿಮಿಷ ಬಿಟ್ಟು ತಿಂದರು, ಮತ್ತೆ ನೀರು ಕೇಳು ಅಂದರು, ಮತ್ತೆ ಕಲಸಿದರು. ಮೂರು ಲೋಟ. ನಿಂಬೆಹಣ್ಣನ್ನೂ ಹಿಂಡಿಕೊಂಡರು. ಆ ಹುಡುಗ ಕೆಲಸ ಬಿಟ್ಟು ನೋಡುತ್ತಾ ನಿಂತಿದ್ದ, ದುಡ್ಡು ಮಾತ್ರ ತಗೊಳ್ಳಲಿಲ್ಲ.

ಊರು ಚೆಂದವಾ ಅಂದರೆ, ಹೌದು, ಸುಳ್ಳು ಹೇಳಲ್ಲ. ಸ್ಥಳೀಯ ಕೆಂಪು ಜಿಪ್ಸಂ ಗಾರೆ ಬಳಿದ ಗೋಡೆಗಳು, ಮೇಲಕ್ಕೆ ಹೋದ ಹಾಗೆ ಓಣಿಯ ಕಡೆ ಬಾಗುತ್ತಾ ಬಂದ ಮನೆಗಳು, ಎದುರು ಮನೆಯ ಸೂರೂ ಈ ಮನೆಯ ಸೂರೂ ಮುಟ್ಟಿಕೊಂಡಂತೆ ಕಾಣುವ ಜಾಗಗಳು. ಹುಲಿಯಾನೆತಾ ಅನ್ನುವ ಮನೆಯೊಂದು ಎರಡು ಓಣಿ ಸೇರುವ ಕಡೆ ಸೊಟ್ಟಗೆ ನಿಂತಿದೆ, ಈಗಲೋ ಆಗಲೋ ಬೀಳುತ್ತೆ ಅನ್ನೋ ಹಾಗೆ. ನಾವಿಬ್ಬರೂ ಬೆಳಗ್ಗೆ ಕೋಟೆ ಗೋಡೆ ಪಕ್ಕದಲ್ಲೇ ತುದಿಯ ಅಂದಾದೋರ್ ಗೋಪುರದವರೆಗೂ ಹತ್ತಿದೆವು. ಅತ್ತೆ ಚೌಕದ ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ವಾಪಸ್ ಬಂದಾಗ, "ಅಲ್ಲ ಕಣೇ, ಇಷ್ಟು ದೂರ ಬಂದು ಮುಚ್ಚಿದ ಬಾಗಿಲು ನೋಡೋದಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಸ್ಟಾಪಿಗೆ ಇಳಿದೆವು. ಅಲ್ಲೊಂದು ಬೋರ್ಡ್. ಅದರ ಮೇಲೆ 'ಎಲ್-ಎಸ್' ಅಂತ ಎರಡು ಅಕ್ಷರ. ಅಲ್ಲಿ ವಾರವನ್ನು ಒಂದೊಂದೇ ಅಕ್ಷರದಲ್ಲಿ ಬರೆಯುತ್ತಾರೆ: ಎಲ್ ಅಂದರೆ ಸೋಮವಾರ, ಎಕ್ಸ್ ಅಂದರೆ ಬುಧವಾರ, ಎಸ್ ಶನಿವಾರ, ಡಿ ಭಾನುವಾರ. ಡಿ ಎಲ್ಲೂ ಇರಲಿಲ್ಲ. 'ಫೆಸ್ತಿವೋಸ್' ಅನ್ನುವ ಪದ ಕಂಡರೆ ಹಬ್ಬ ಅಂತ ಖುಷಿಪಡಬೇಡಿ, ಅದು ರಜಾದಿನ. ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನ, ಅಲ್ಲಿ ಅವರ ಮಾತೆ ಮರಿಯಳ ಹಬ್ಬದ ರಜೆ. ಅಂಥ ದಿನಗಳಲ್ಲಿ ಹಳ್ಳಿ ಬಸ್ಸನ್ನು ನೆಚ್ಚಿಕೊಳ್ಳಬೇಡಿ. ಫೋನಿನ ಮ್ಯಾಪ್ ಹಿಂದಿನ ದಿನವೇ 'ಮಾರ್ಗ ಇಲ್ಲ' ಅಂತ ತೋರಿಸಿತ್ತು, ಹಳ್ಳಿ ಬಸ್ ಇದಕ್ಕೇನು ಗೊತ್ತು ಅಂತ ನಾವೇ ಬುದ್ಧಿವಂತರಾಗಿದ್ದೆವು.

ಸೋಮವಾರ ಮಧ್ಯಾಹ್ನ ಎರಡಕ್ಕೆ ವಲೆನ್ಸಿಯಾದಿಂದ ಅತ್ತೆಯ ಮತ್ತು ನನ್ನ ವಿಮಾನ. ಸೋಮವಾರದ ಬಸ್ ಕಾದರೆ ಅದು ಕೈತಪ್ಪುವುದು ಖಚಿತ. ಟ್ಯಾಕ್ಸಿಗೆ ಫೋನ್ ಮಾಡಿದರೆ ಮೊದಲನೆಯವರು ಎತ್ತಲಿಲ್ಲ, ಎರಡನೆಯವರು ಊರಲ್ಲಿಲ್ಲ. ಕೊನೆಗೆ ಅದೇ ಬಾರಿನ ಹುಡುಗ ತೆರುವೆಲ್‌ಗೆ ಫೋನ್ ಮಾಡಿ ಯಾರನ್ನೋ ಒಪ್ಪಿಸಿದ. ಒಂದೂಮುಕ್ಕಾಲು ಗಂಟೆ ಕಾದಮೇಲೆ ಕಾರು ಬಂತು. ಸುಮಾರು 38 ಕಿಲೋಮೀಟರಿಗೆ 70 ಯೂರೋ, ಖಾಲಿ ಬಂದ ದಾರಿಯದ್ದೂ ಸೇರಿ. ಬರುವಾಗ ಮೂವರಿಗೂ ಸೇರಿ ಬಸ್ಸಿಗೆ ಅದರ ಕಾಲುಭಾಗವೂ ಆಗಿರಲಿಲ್ಲ. ತೆರುವೆಲ್ ಬಸ್ ಸ್ಟ್ಯಾಂಡಿನಲ್ಲಿ ಇನ್ನೂ ಮೂರು ಗಂಟೆ ಕೂತು, ವಲೆನ್ಸಿಯಾದ ಮನೆ ಸೇರಿದಾಗ ರಾತ್ರಿ ಹನ್ನೊಂದಾಗಿತ್ತು.

ಬಾಡಿಗೆ ಕಾರು ತಗೋಬಹುದಿತ್ತಲ್ಲ ಅಂತ ಕೇಳುವಿರಿ. ಭಾರತದ ಲೈಸೆನ್ಸ್ ಒಂದೇ ಇದ್ದರೆ ಸ್ಪೇನಿನಲ್ಲಿ ಸಾಲದು, ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದು ಒಂದು ವರ್ಷಕ್ಕೆ ಸಿಗುತ್ತೆ, ಆದರೆ ಊರು ಬಿಡುವ ಮುಂಚೆ ನಮ್ಮ ಆರ್‌ಟಿಒದಲ್ಲೇ ಮಾಡಿಸಿಕೊಂಡಿರಬೇಕು. ನಮ್ಮನೆಯವರು ಮಾಡಿಸಿರಲಿಲ್ಲ. ಈ ವಿಷಯ ಮನೆಯಲ್ಲಿ ಈಗಲೂ ವಾರಕ್ಕೊಂದು ಸಲ ಎತ್ತುತ್ತೇನೆ. ಪರ್ಮಿಟ್ ಇದ್ದವರೂ ಕಾರನ್ನು ಕೆಳಗಿನ ಪಾರ್ಕಿಂಗ್‌ನಲ್ಲೇ ಬಿಡಿ, ಮ್ಯಾಪ್ ಹೇಳಿತು ಅಂತ ಮೇಲಿನ ಓಣಿಗಳಿಗೆ ನುಗ್ಗಿಸಬೇಡಿ, ಆ ಗೋಡೆಗಳ ಮೂಲೆಯಲ್ಲಿ ಬೇರೆ ಬೇರೆ ಬಣ್ಣದ ಕಾರುಗಳ ಗೀರು ನಾನೇ ನೋಡಿದ್ದೇನೆ.

ಬಸ್ಸಿನಲ್ಲೇ ಹೋಗಬೇಕಾ? ಮಂಗಳವಾರವೋ ಬುಧವಾರವೋ ಹೋಗಿ, ಎರಡು ರಾತ್ರಿ ಉಳಿಯಿರಿ, ಆ ವಾರದಲ್ಲಿ ರಜೆ ಇದೆಯಾ ನೋಡಿಕೊಳ್ಳಿ. ದೊಡ್ಡ ಸೂಟ್‌ಕೇಸ್ ಒಯ್ಯಬೇಡಿ, ಬೆನ್ನಿಗೆ ಹಾಕುವ ಬ್ಯಾಗ್ ಸಾಕು. ಸ್ವೆಟರ್, ಸಣ್ಣ ಕೆಟಲ್, ನಗದು. ವಿಮಾನದ ಹಿಂದಿನ ದಿನಕ್ಕೆ ಮಾತ್ರ ಈ ಊರನ್ನು ಇಟ್ಟುಕೊಳ್ಳಬೇಡಿ, ನಾನು ಕೈಮುಗಿದು ಕೇಳುತ್ತೇನೆ.

ಇನ್ನೊಂದು ಹೇಳೋದು ಮರೆತೆ. ಅಲ್ಬರಸೀನ್ ಸುತ್ತ ಹರಿಯುವ ಗ್ವಾದಲಾವಿಯಾರ್ ಹೊಳೆಯೇ ತೆರುವೆಲ್ ದಾಟಿದ ಮೇಲೆ ತೂರಿಯಾ ಅಂತ ಹೆಸರು ಬದಲಿಸಿಕೊಂಡು ವಲೆನ್ಸಿಯಾಕ್ಕೆ ಬರುತ್ತೆ. 1957ರ ಪ್ರವಾಹದ ನಂತರ ಆ ನದಿಯನ್ನು ಊರಾಚೆಗೆ ತಿರುಗಿಸಿ, ಹಳೇ ಪಾತ್ರವನ್ನು ಉದ್ದಕ್ಕೂ ಉದ್ಯಾನ ಮಾಡಿದ್ದಾರೆ. ಎರಡು ವಾರ ನಾವು ದಿನಾ ಸಂಜೆ ವಾಕಿಂಗ್ ಹೋಗುತ್ತಿದ್ದದ್ದು ಅಲ್ಲೇ. ಸೋಮವಾರ ಟ್ಯಾಕ್ಸಿಯಲ್ಲಿ ಏರ್‌ಪೋರ್ಟಿಗೆ ಹೋಗುವಾಗ ಸೇತುವೆ ಮೇಲೆ ನಮ್ಮನೆಯವರು ಇದನ್ನು ಅತ್ತೆಗೆ ವಿವರಿಸಿದರು. ಅತ್ತೆ ಕಿಟಕಿಯಿಂದ ಬಗ್ಗಿ ನೋಡಿ, "ಹೊಳೆ ಮಾತ್ರ ಭಾನುವಾರವೂ ಬರುತ್ತಾ?" ಅಂದರು.